ಗೊತ್ತಿದ್ದೂ ಕೇಳುವವರು

ಕಳೆದ ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ನಾನು ದೊಡ್ಡಬಳ್ಳಾಪುರದ ನೇಕಾರರ ಬೀದಿಯ ಪ್ರೈಮರಿ ಶಾಲೆಯ ಕಿಟಕಿಯ ಹೊರಗೆ ನಿಂತಿದ್ದೆ. ಬಾಗಿಲ ಪಕ್ಕದ ಕಿಟಕಿಯಲ್ಲ. ಮ್ಯಾಪು ತೂಗುಹಾಕಿದ ಗೋಡೆಗೆ ಎದುರಾಗಿರುವ ಕಿಟಕಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಓದಿ ಕಟ್ಟುಕತೆ ಎನ್ನುವವರು ಇರುತ್ತಾರೆ. (ನನ್ನ ಹೆಂಡತಿ ಆಗಲೇ ಅಂದಾಗಿದೆ.)

ಅಲ್ಲೇಕೆ ನಿಂತಿದ್ದೆ? ಅಂದು ನಾಲ್ಕನೆಯ ಕ್ಲಾಸಿಗೆ ಇನ್‌ಸ್ಪೆಕ್ಟರರ ಪರೀಕ್ಷೆ. ಎಲ್ಲ ಬಾಯಲ್ಲೇ. ನನ್ನ ತಂಗಿಯ ಮಗಳು ಸೀತು ಒಳಗಿದ್ದಳು. ಅವಳಿಗೆ ಹಸಿವಾದರೆ ಕೊಡಲೆಂದು ಕೋಡುಬಳೆಯ ಡಬ್ಬ ಕೈಗಿತ್ತು ತಂಗಿ ನನ್ನನ್ನು ಕಾವಲಿಗೆ ಅಟ್ಟಿದ್ದಳು.

ಪಕ್ಕದಲ್ಲಿ ನೇಕಾರ ಚೌಡಪ್ಪ ನಿಂತಿದ್ದ. ಯುದ್ಧ ಮುಗಿದರೂ ನೂಲಿನ ರೇಷನ್ ಮುಗಿದಿಲ್ಲ. ಅಪರೂಪಕ್ಕೆ ನೂಲು ಸಿಕ್ಕಿದ್ದರೂ ಮಗ್ಗ ನಿಲ್ಲಿಸಿ ಬಂದಿದ್ದ. ಅವನ ಮಗಳು ಗಂಗಿಯೂ ಅದೇ ಕ್ಲಾಸು.

"ಇವತ್ತು ಪಾಸಾದ್ರೆ ಮಿಡ್ಲ್ ಸ್ಕೂಲಿಗೆ ಕಳಿಸ್ತೀನಿ ಸ್ವಾಮಿ. ಫೇಲಾದ್ರೆ ನಾಳೆಯಿಂದ ಮಗ್ಗ. ಅವಳಿಗೂ ಹೇಳಿದ್ದೀನಿ, ಅವರಮ್ಮಂಗೂ ಹೇಳಿದ್ದೀನಿ."

"ಇನ್ನೊಂದು ವರ್ಷ ಕೂತ್ಕೊಳ್ಳಲಿ ಬಿಡಪ್ಪ."

"ಕೂತ್ಕೋಬೋದು. ಅವಳ ಕೆಲಸ ನೀವ್ ಬಂದು ಮಾಡ್ಕೊಡ್ತೀರಾ?"

ನಾನು ಡಬ್ಬದ ಮುಚ್ಚಳ ಸರಿಮಾಡಿಕೊಂಡೆ.

ಇನ್‌ಸ್ಪೆಕ್ಟರು ಕೆಟ್ಟವರಲ್ಲ. ಮಕ್ಕಳಿಗೆ ಹೆದರಬೇಡಿ ಎಂದು ಮೂರು ಸಲ ಹೇಳಿದರು. (ಮೂರನೆಯ ಸಲಕ್ಕೆ ಎಲ್ಲರೂ ಹೆದರಿದರು.) ಮೊದಲು ಸೀತುವನ್ನು ಕರೆದರು. ಮ್ಯಾಪಿನ ಮೇಲೆ ಬೆತ್ತ ಇಟ್ಟು, "ಇದೇನು?" ಅಂದರು. ಬೆತ್ತ ಮುಟ್ಟುವ ಮೊದಲೇ ಸೀತು "ತುಂಗಭದ್ರಾ!" ಎಂದಳು. ಕೇಳದೆಯೇ ಇನ್ನೂ ನಾಲ್ಕು ನದಿ ಹೇಳಿದಳು. "ಶಹಬ್ಬಾಸ್!"

ಆಮೇಲೆ ಗಂಗಿ. ಬೆತ್ತ ಒಂದು ನೀಲಿ ಗೆರೆಯ ಮೇಲೆ ಕೂತಿತು.

"ಇದೇನು?"

ಗಂಗಿ ಮ್ಯಾಪಿನ ಹತ್ತಿರ ಹೋದಳು. ಬಗ್ಗಿದಳು. ಮೂಗು ತಗಲುವಷ್ಟು ಹತ್ತಿರದಿಂದ ಆ ಗೆರೆಯನ್ನು ನೋಡಿದಳು, ಅದರ ಉದ್ದಕ್ಕೂ ಬೆರಳಾಡಿಸಿದಳು. ಕೊನೆಗೆ ಮ್ಯಾಪಿನ ಅಂಚು ಎತ್ತಿ ಹಿಂಭಾಗವನ್ನೂ ನೋಡಿದಳು.

ಕ್ಲಾಸು ಗೊಳ್ಳೆಂದು ನಕ್ಕಿತು. ನಾನೂ ನಗುವುದರಲ್ಲಿದ್ದೆ. ಪಕ್ಕಕ್ಕೆ ತಿರುಗಿದರೆ ಚೌಡಪ್ಪ ಕಿಟಕಿಯ ಸರಳಿಗೆ ಹಣೆ ಒತ್ತಿ, ಕಣ್ಣು ಕಿರಿದು ಮಾಡಿ, ಅದೇ ನೀಲಿ ಗೆರೆಯನ್ನು ನೋಡುತ್ತಿದ್ದ.

"ಎಲ್ಲೋ ತಪ್ಪಾಗೈತೆ ಸ್ವಾಮಿ," ಅಂದ ಪಿಸುದನಿಯಲ್ಲಿ. "ನಿಮಗೇನಾರ ಕಾಣುತ್ತಾ?"

"ಏನು ತಪ್ಪು?"

"ಸಾಯೇಬ್ರು ಕೋಲಿಟ್ಟು ತೋರಿಸ್ತಾವ್ರಲ್ಲ."

ಆಗ ನನಗೆ ಹೊಳೆಯಿತು. ಚೌಡಪ್ಪನ ಮನೆಯಲ್ಲಿ ಹಿರಿಯರು ನೇಯ್ದ ಬಟ್ಟೆಯ ಮೇಲೆ ಕೋಲಿಟ್ಟು "ಇದೇನು?" ಎಂದರೆ ಅಲ್ಲಿ ಎಳೆ ಹರಿದಿದೆ ಎಂದರ್ಥ. ನೇಯುವವರು ಕೈ ನಿಲ್ಲಿಸಿ, ತಲೆ ತಗ್ಗಿಸಿ, ಹರಿದದ್ದನ್ನು ಹುಡುಕಬೇಕು. ಬಾಯಲ್ಲಿ ಉತ್ತರ ಕೊಟ್ಟರೆ ಅಧಿಕಪ್ರಸಂಗ. ಸೀತು ಶಹಬ್ಬಾಸ್ ಗಿಟ್ಟಿಸಿದರೂ ಇವರ ಕಣ್ಣಿಗೆ ಅದು ಅದೇ ಆಗಿರಬೇಕು. ಶಾಲೆಯಲ್ಲೂ ಹನುಮಂತಯ್ಯ ಮೇಷ್ಟ್ರದು ಎಲ್ಲರೂ ಒಟ್ಟಿಗೆ ಕೂಗುವ ಪಾಠ. ಒಬ್ಬೊಬ್ಬರನ್ನೇ ನಿಲ್ಲಿಸಿ ಕೋಲು ತೋರಿಸಿದವರಲ್ಲ.

"ಚೌಡಪ್ಪ, ಅವರು ಆ ನದಿಯ ಹೆಸರು ಕೇಳ್ತಿದ್ದಾರೆ."

"ಹೆಸ್ರಾ? ಅವರಿಗೆ ಗೊತ್ತಿಲ್ವಾ?"

"ಗೊತ್ತಪ್ಪ."

"ಗೊತ್ತಿದ್ರೆ ಯಾಕ್ ಕೇಳ್ತಾರೆ?"

ಓದುಗರೇ, ನಿಮ್ಮಲ್ಲಿ ಯಾರಿಗಾದರೂ ಇದಕ್ಕೆ ಉತ್ತರ ಗೊತ್ತೆ? ನಮ್ಮ ಮನೆಗಳಲ್ಲಿ ಮಗುವಿಗೆ ಹಲ್ಲು ಬರುವ ಮೊದಲೇ "ಮೂಗೆಲ್ಲಿ? ಕಿವಿಯೆಲ್ಲಿ?" ಎಂದು ಶುರುಮಾಡುತ್ತೇವೆ, ಅದರ ಮೂಗು ಎಲ್ಲಿದೆಯೆಂದು ನಮಗೆ ತಿಳಿಯದ ಹಾಗೆ. ನೆಂಟರು ಬಂದರೆ ಮುಗಿಯಿತು, ಮಗುವನ್ನು ನಡುಮನೆಯಲ್ಲಿ ನಿಲ್ಲಿಸಿ ಕಾಗೆ ಏನನ್ನುತ್ತೆ, ಹಸು ಏನನ್ನುತ್ತೆ ಎಂದು ಕೇಳುತ್ತೇವೆ. ನಾವು ಇದನ್ನು ಮುದ್ದು ಅಂದುಕೊಂಡಿದ್ದೇವೆ. ಸೀತುವಿಗೆ ಅದು ಒಂಬತ್ತು ವರ್ಷದ ಟ್ಯೂಷನ್!

ಒಳಗೆ ಇನ್‌ಸ್ಪೆಕ್ಟರು ಎರಡನೆಯ ಸಲ ಬೆತ್ತ ಕುಟ್ಟಿದರು. ಗಂಗಿಯ ತಲೆ ಇನ್ನೂ ತಗ್ಗಿತು. ಅವರು ಪೆನ್ನು ತೆಗೆದರು.

ಆಗ ಚೌಡಪ್ಪ, ಅಧಿಕಾರಿಗಳ ಎದುರಿಗೆ ಎಂದೂ ದನಿಯೆತ್ತದವನು, ಕಿಟಕಿಯಿಂದ ಕೂಗಿಬಿಟ್ಟ: "ಗಂಗೀ! ತಪ್ಪೇನೂ ಇಲ್ವಂತೆ ಕಣೇ! ಸಾಯೇಬ್ರಿಗೆ ಅದರ ಹೆಸರು ಗೊತ್ತಿಲ್ವಂತೆ, ಹೇಳ್ಕೊಡು!"

ಗಂಗಿ ತಲೆಯೆತ್ತಿದಳು. ಅವಳ ಮುಖದಲ್ಲಿ ಅಂಥ ಕನಿಕರವನ್ನು ನಾನು ಹಿಂದೆ ಕಂಡಿರಲಿಲ್ಲ.

"ಇದು ಕಾವೇರಿ ಸಾರ್. ಕೊಡಗಿನಲ್ಲಿ ಹುಟ್ಟುತ್ತೆ. ಇಲ್ಲಿ ಕನ್ನಂಬಾಡಿ ಕಟ್ಟೆ. ಹಿಂಗೆ ಬಂದು ಶಿವನಸಮುದ್ರದಾಗೆ ಬೀಳ್ತದೆ. ನಮ್ಮೂರ ಅರ್ಕಾವತಿನೂ ಕೆಳಗೆ ಹೋಗಿ ಇದಕ್ಕೇ ಸೇರ್ಕೊಳ್ಳುತ್ತೆ." ಆಮೇಲೆ ಮೆಲ್ಲಗೆ, "ತಿಳೀತಾ ಸಾರ್? ಇನ್ನೊಂದ್ ಸಲ ಹೇಳ್ಲಾ?"

ಈ ಸಲ ಯಾರೂ ನಗಲಿಲ್ಲ. ಇನ್‌ಸ್ಪೆಕ್ಟರರ ಕಿವಿ ಕೆಂಪಾಗಿದ್ದು ಕಿಟಕಿಗೂ ಕಂಡಿತು.

"ಹುಡುಗಿ ಹೇಳಿದ್ದೆಲ್ಲ ಸರಿ ಸಾರ್," ಎಂದರು ಮೇಷ್ಟ್ರು.

"ಸರಿ ಅಂತ ನನಗೂ ಗೊತ್ತು ಮೇಷ್ಟ್ರೇ. ಆದರೆ ಇದು ಪ್ರಾಂಪ್ಟಿಂಗ್. ಮನೆಯವರು ಹೊರಗೆ ನಿಂತು ಹೇಳಿಕೊಟ್ಟರೆ ಅದು ಪರೀಕ್ಷೆ ಹೇಗಾಗುತ್ತೆ?" ಬೇಸರದಿಂದಲೇ ಅಂದರು. ಬೇಸರದಿಂದಲೇ ಫೇಲು ಬರೆದರು.

ಮನೆಯವರು ಹೇಳಿಕೊಡಬಾರದು. ನ್ಯಾಯವೇ. ಚೌಡಪ್ಪ ಹೇಳಿಕೊಟ್ಟದ್ದು ಒಂದೇ ಒಂದು ಸಲ, ಅದರಲ್ಲೂ ನದಿಯ ಹೆಸರಿಲ್ಲ. ನಾವು ಸೀತುವಿಗೆ ತೊಟ್ಟಿಲಿನಿಂದ ಹೇಳಿಕೊಡುತ್ತಲೇ ಬಂದಿದ್ದೇವೆ. ನಮ್ಮನ್ನು ಹಿಡಿದವರಿಲ್ಲ, ಏಕೆಂದರೆ ನಾವು ಕಿಟಕಿಯಲ್ಲಿ ನಿಂತು ಕೂಗಲಿಲ್ಲ.

"ನಾನೇ ಕೆಡಿಸ್ಬಿಟ್ನಾ ಸ್ವಾಮಿ?" ಅಂದ ಚೌಡಪ್ಪ. ಕೈಯಲ್ಲಿದ್ದ ಡಬ್ಬ ಅವನ ಮುಂದೆ ಚಾಚಿದೆ. ಅವನು ತೆಗೆದುಕೊಳ್ಳಲಿಲ್ಲ.

ಇದನ್ನು ಕಣ್ಣಾರೆ ಕಂಡವರು ದೇವರ ದಯದಿಂದ ಎಲ್ಲರೂ ಇದ್ದಾರೆ. ಹನುಮಂತಯ್ಯ ಮೇಷ್ಟ್ರು ಶಾಲೆಯಲ್ಲೇ ಸಿಗುತ್ತಾರೆ. ಸೀತು ನಮ್ಮ ತಂಗಿಯ ಮನೆಯಲ್ಲಿ ಮಿಡ್ಲ್ ಸ್ಕೂಲಿಗೆಂದು ಲಂಗ ಹೊಲಿಸಿಕೊಳ್ಳುತ್ತಿದ್ದಾಳೆ. ಚೌಡಪ್ಪ ಮಗ್ಗದ ಮುಂದಿದ್ದಾನೆ. ಗಂಗಿ ಶುಕ್ರವಾರದಿಂದ ಅವನ ಪಕ್ಕದಲ್ಲಿದ್ದಾಳೆ. ಅನುಮಾನ ಇದ್ದವರು ಹೋಗಿ ಅವಳನ್ನೇ ಕೇಳಬಹುದು.

ಉತ್ತರ ಮೊದಲೇ ಗೊತ್ತಿರುವವರು ಮಾತ್ರ ದಯವಿಟ್ಟು ಕೇಳಬೇಡಿ.