ಮಾಮಲೇದಾರರ ಮಾನಪತ್ರ

ನಮ್ಮ ಕಡೆ ಏನೇ ಕೈಗೂಡಿದರೂ ಹೇಳುವುದು ಒಂದೇ ಮಾತು: ಆತು. ನಾಟಿ ಮುಗಿದರೂ ಆತು, ಗಂಜಿ ಬೆಂದರೂ ಆತು, ಮಗಳ ಮದುವೆ ಮಾಡಿ ಕಳಿಸಿದರೂ ಆತು. ಇಷ್ಟಕ್ಕೆ ಇಂಗ್ಲಿಷಿನವರು ಎಷ್ಟೊಂದು ಶಬ್ದ ಸುರಿಯುತ್ತಾರೆಂದು ಗೊತ್ತಾದದ್ದು ನಾನು ಭಟ್ಕಳದ ಹೈಸ್ಕೂಲಿಗೆ ಹೋದ ಮೇಲೆ. ಪರೀಕ್ಷೆಗೆ ‘ಪಾಸ್’, ಓಟಕ್ಕೆ ‘ವಿನ್’, ಹಿಮಾಲಯ ಹತ್ತಿದವರಿಗೆ ‘ಅಚೀವ್‌ಮೆಂಟ್’. ದೊಡ್ಡ ಶಬ್ದಗಳೆಲ್ಲ ದೊಡ್ಡವರಿಗೇ ಮೀಸಲು. ಗಂಜಿ ಬೇಯಿಸಿದವಳು ಏನನ್ನಾದರೂ ‘ಅಚೀವ್’ ಮಾಡಿದ್ದನ್ನು ನಾನು ಯಾವ ಪಾಠದಲ್ಲೂ ಕಾಣಲಿಲ್ಲ.

ಅಪ್ಪಯ್ಯ ಶಿರಾಲಿ ಹತ್ತಿರದ ನಮ್ಮೂರಿನ ಕನ್ನಡ ಶಾಲೆಯ ಮಾಸ್ತರರು. ಇಂಗ್ಲಿಷಿನ ಗಂಧ ಇರಲಿಲ್ಲ. ಮಳೆ ಹಿಡಿದ ಕೂಡಲೇ ಕೊಡೆ ಬಿಚ್ಚಿ ಮನೆಮನೆಗೆ ಹೋಗಿ, ಗದ್ದೆಗಿಳಿದ ಮಕ್ಕಳನ್ನು ಬೇಡಿ, ಗದರಿ ಶಾಲೆಗೆ ಕರೆತರುತ್ತಿದ್ದರು. ಅರವತ್ತರ ದಶಕದ ನಡುವೆ ಅವರು ನಿವೃತ್ತರಾದಾಗ ನನಗೆ ಎಸ್ಸೆಸ್ಸೆಲ್ಸಿಗೆ ಇನ್ನೊಂದು ವರ್ಷ ಬಾಕಿ. ಆ ವರ್ಷ ನನಗೆ ಸಿಗುವ ಹಾಗೆ ಕಾಣಲಿಲ್ಲ. ಮನೆಯ ಯಜಮಾನರಾದ ದೊಡ್ಡಪ್ಪ ಮೊದಲೇ ಹೇಳಿಬಿಟ್ಟಿದ್ದರು:

“ತಮ್ಮನ ಪಗಾರ ನಿಂತ್ಮೇಲೆ ಹೆಣ್ಣಿಗೆ ಎಂತಕ್ಕೆ ಇಂಗ್ಲಿಷು? ಅದೆಂತ ಮಾಮಲೇದಾರ ಆಗ್ತದಾ?”

ಊರಿನವರು ಅಪ್ಪಯ್ಯನಿಗೆ ‘ಸೆಂಡಾಫ್’ ಮಾಡುವುದೆಂದು ನಿಶ್ಚಯಿಸಿದರು. ಹಿಂದೊಮ್ಮೆ ವರ್ಗವಾಗಿ ಹೋದ ಮಾಮಲೇದಾರರೊಬ್ಬರಿಗೆ, ಎಂದರೆ ತಾಲೂಕಿನ ತಹಶೀಲ್ದಾರರಿಗೆ, ಗಾಜಿನ ಚೌಕಟ್ಟು ಹಾಕಿದ ಇಂಗ್ಲಿಷ್ ಮಾನಪತ್ರ ಕೊಟ್ಟದ್ದನ್ನು ಅವರೆಲ್ಲ ನೋಡಿದ್ದರು. ನಮ್ಮ ಮಾಸ್ತರರೇನು ಕಡಿಮೆಯವರೇ? ಅದರದೇ ಒಂದು ಪ್ರತಿ ಸಂಪಾದಿಸಿ, ಹೊನ್ನಾವರದಲ್ಲಿ ಹೊಳೆ ದಾಟಿ, ಕುಮಟೆಯ ಪ್ರೆಸ್ಸಿಗೆ ಹೋದರು. ಮಾಸ್ತರರಿಗಾದರೆ ಒಂದಿಷ್ಟು ಬದಲಿಸಬೇಕಲ್ಲ ಎಂದು ಪ್ರೆಸ್ಸಿನವರು ಕೇಳಿಯೂ ಕೇಳಿದರಂತೆ. ನಮ್ಮವರಿಗೆ ಸಂಶಯ ಬಂತು. ಬದಲಿಸುವ ನೆವದಲ್ಲಿ ಮಾನ ಎಲ್ಲಿ ತಗ್ಗುತ್ತದೋ!

“ಹೆಸರು, ಊರು ಬದ್ಲು ಮಾಡಿ ಸಾಕು. ಬಾಕಿ ಒಂದಕ್ಷರನೂ ಕಡ್ಮೆ ಆಗೂಕಾಗ” ಎಂದು ಹೇಳಿ ಬಂದರು.

ಶಾಲೆಯ ಅಂಗಳದಲ್ಲಿ ಸಭೆ. ಇಂಗ್ಲಿಷ್ ಓದುವವರು ಬೇರೆ ಯಾರೂ ಇಲ್ಲದ್ದರಿಂದ ಮಾಸ್ತರರ ಮಗಳೇ ಓದಲಿ ಎಂದಾಯಿತು. ಮಾನಪತ್ರ ನನ್ನ ಕೈಗೆ ಬಂದದ್ದು ವೇದಿಕೆ ಹತ್ತಿದ ಮೇಲೆಯೇ. ಮೊದಲ ಪರಿಚ್ಛೇದ ಸಲೀಸಾಗಿ ಹೋಯಿತು. ‘ಇಲಸ್ಟ್ರಿಯಸ್’, ‘ಡಿಸ್ಟಿಂಗ್ವಿಶ್ಡ್’ ಎಂದಾಗ ಜನ ಚಪ್ಪಾಳೆ ತಟ್ಟಿದರು. ಎರಡನೆಯದಕ್ಕೆ ಬಂದೆ. ಅದರ ಪ್ರಕಾರ ನನ್ನ ಅಪ್ಪಯ್ಯ ತಾಲೂಕಿನ ಕಂದಾಯ ವಸೂಲಿಯನ್ನು ಹಿಂದೆಂದೂ ಇಲ್ಲದ ಮಟ್ಟಕ್ಕೆ ಏರಿಸಿದ್ದರು. ಕಳ್ಳಭಟ್ಟಿಯವರನ್ನು ಹೆಡೆಮುರಿ ಕಟ್ಟಿದ್ದರು. ಅದು ಅವರ ‘ಕ್ರೌನಿಂಗ್ ಅಚೀವ್‌ಮೆಂಟ್’ ಅಂತೆ! ಪಕ್ಕದ ಮನೆ ನಾಯಿ ಬೊಗಳಿದರೆ ದಾರಿ ಬಿಟ್ಟು ಗದ್ದೆಯಂಚಿಗೆ ಇಳಿಯುತ್ತಿದ್ದ ಮನುಷ್ಯ ಅವರು.

ನಿಲ್ಲಿಸಿ ಹೇಳಿಬಿಡಲೇ ಎಂದು ತಲೆಯೆತ್ತಿದೆ. ಮುಂದಿನ ಸಾಲಿನಲ್ಲಿ ದೊಡ್ಡಪ್ಪ ಬಾಯಲ್ಲಿದ್ದ ಎಲೆಯಡಿಕೆ ಜಗಿಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. ನಾನು ನಿಂತರೆ ತಪ್ಪು ಮಾನಪತ್ರದ್ದು ಎಂದು ಯಾರು ನಂಬುತ್ತಾರೆ? ಹುಡುಗಿಗೆ ಓದಲು ಬರುವುದಿಲ್ಲ ಎನ್ನುತ್ತಾರೆ, ಅಲ್ಲಿಗೆ ನನ್ನ ಶಾಲೆ ಮುಗಿಯಿತು. ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಸ್ವರ ಏರಿಸಿ, ಕಂದಾಯ, ಕಳ್ಳಭಟ್ಟಿ ಎಲ್ಲವನ್ನೂ ಕೊನೆಯ ಸಾಲಿನವರೆಗೆ ಓದಿದೆ. ಚಪ್ಪಾಳೆಗೆ ಮಾವಿನ ಮರದ ಕಾಗೆಗಳು ಎದ್ದವು.

ಮನೆಗೆ ಬರುವ ದಾರಿಯಲ್ಲಿ ದೊಡ್ಡಪ್ಪ ಯಾರ ಮುಖವನ್ನೂ ನೋಡದೆ ಹೇಳಿದರು: “ಅಡ್ಡಿಲ್ಲ, ಓದ್ತದೆ ಅದು. ಇನ್ನೊಂದ್ ವರ್ಷ ಹೋಗ್ಲಿ.”

ಜಗಲಿಯಲ್ಲಿ ನಾವಿಬ್ಬರೇ ಉಳಿದಾಗ ಅಪ್ಪಯ್ಯ, “ತಂಗೀ, ಅದ್ರಲ್ಲಿ ಎಂತ ಬರ್ದಿದ್ರು?” ಎಂದರು. ಮುಚ್ಚಿಡಲು ಮನಸ್ಸಾಗಲಿಲ್ಲ. ಕನ್ನಡದಲ್ಲಿ ಹೇಳಿದೆ. ಕಳ್ಳಭಟ್ಟಿಯ ಮಾತಿಗೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕೊರಳಿನ ಹಾರ ತೆಗೆದು ಪಕ್ಕಕ್ಕಿಟ್ಟು, “ಪಾಪ, ಪ್ರೀತಿಂದ ಮಾಡ್ಸಿದ್ದು. ಯಾರಿಗೂ ಹೇಳ್ಬೇಡ” ಎಂದರು.

ನನಗೆ ಅಳು ಬಂತು. ಅಷ್ಟು ವರ್ಷ ಕೊಡೆ ಹಿಡಿದು ತಿರುಗಿದ್ದಕ್ಕೆ ಅದರಲ್ಲಿ ಅರ್ಧ ಸಾಲೂ ಇರಲಿಲ್ಲ. “ಹೆಸರೊಂದು ಬಿಟ್ರೆ ನಿಮ್ದು ಅಂತ ಅದ್ರಲ್ಲಿ ಎಂತದೂ ಇಲ್ಲ ಅಪ್ಪಯ್ಯ” ಎಂದೆ.

ಅವರು ಮಾನಪತ್ರದ ಗಾಜಿನ ಮೇಲಿನ ಧೂಳನ್ನು ಪಂಚೆಯ ಚುಂಗಿನಿಂದ ಒರೆಸಿದರು.

“ಓದಿದವ್ಳು ನನ್ ಮಗಳಲ್ದಾ? ಎಲ್ಲೂ ನಿಲ್ಲದೇ ಓದ್ದೆ. ಆತು.”