ಕೊನೆಯ ರೀಲಿನಲ್ಲಿ ಅವಳೇಕೆ ಸಾಯಬೇಕು

ಸಿನಿಮಾ ನೋಡುವುದರಲ್ಲಿ ನನ್ನ ಕಣ್ಣು ಮೊದಲಿನಿಂದಲೂ ಅಡ್ಡದಾರಿ ಹಿಡಿದದ್ದು. ನಾಯಕ ನಾಯಕಿಯರು ಗುಡ್ಡದ ಮೇಲೆ ಹಾಡುತ್ತ ಓಡುತ್ತಿದ್ದರೆ ಟಾಕೀಸಿನ ಮಂದಿಯೆಲ್ಲ ಅವರನ್ನು ನೋಡುತ್ತಿದ್ದರು. ನಾನು ಮಾತ್ರ ಕೆಳಗೆ ಸೈಕಲ್ಲು ಹಿಡಿದುಕೊಂಡು ಕಾಯುತ್ತ ನಿಂತ ನಾಯಕಿಯ ಗೆಳತಿಯನ್ನು ನೋಡುತ್ತಿದ್ದೆ. ಆ ಹುಡುಗಿ ಚೀಟಿ ಒಯ್ಯುತ್ತಾಳೆ, ನಾಯಕಿಯ ಅಪ್ಪನಿಗೆ ಸುಳ್ಳು ಹೇಳುತ್ತಾಳೆ, ಮದುವೆಯಲ್ಲಿ ಕಣ್ಣೊರೆಸಿಕೊಂಡು ಅಕ್ಕಿಕಾಳು ಹಾಕುತ್ತಾಳೆ. ಅಲ್ಲಿಂದ ಮುಂದೆ ಎಲ್ಲಿಗೆ ಹೋಗುತ್ತಾಳೆ ಎಂದು ಯಾವ ನಿರ್ದೇಶಕನೂ ಹೇಳಿದ್ದು ನನಗೆ ನೆನಪಿಲ್ಲ. ಮನೆಗೆ ಹೋದ ಮೇಲೆ ಉಂಡಳೋ ಇಲ್ಲವೋ ಅದೂ ಗೊತ್ತಿಲ್ಲ. ನನಗೆ ಅದೇ ಚಿಂತೆ. ಇಂಥ ಚಿಂತೆ ಇರುವ ಹೆಣ್ಣುಮಗಳು ಸಿನಿಮಾದ ಬಗ್ಗೆ ಅಭಿಪ್ರಾಯ ಹೇಳಬಾರದು ಎನ್ನುವವರು ಇದ್ದಾರೆ. ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಾದಾಮಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದೆ. ನೀಲವ್ವ ಅಲ್ಲಿಯೇ ದವಾಖಾನೆಯಲ್ಲಿ ನರ್ಸು. ಗುಳೇದಗುಡ್ಡದ ನೇಕಾರರ ಮನೆಯವಳು. ಕುಪ್ಪಸದ ಖಣ ನೇಯುವ ಮಗ್ಗದ ಸಪ್ಪಳದಲ್ಲಿ ಬೆಳೆದದ್ದರಿಂದ ಮೆಲ್ಲಗೆ ಮಾತಾಡುವುದು ಅವಳಿಗೆ ಬರುವುದಿಲ್ಲ. ಎಪ್ಪತ್ತರ ದಶಕದಲ್ಲಿ ಒಮ್ಮೆ ನಮ್ಮ ಮಕ್ಕಳಿಗೆ ಸೂಜಿ ಹಾಕಲು ಶಾಲೆಗೆ ಬಂದಳು. ಮಕ್ಕಳೆಲ್ಲ ನೆಟ್ಟಗೆ ನಿಂತು ಹಾಕಿಸಿಕೊಂಡರು. ಅವರಿಗೆ ಧೈರ್ಯ ಹೇಳುತ್ತ ನಿಂತಿದ್ದ ನಾನು ಕಣ್ಣಿಗೆ ಕತ್ತಲೆ ಬಂದು ಬಿದ್ದೆ. ಎಚ್ಚರಾದಾಗ ನನ್ನ ತಲೆ ಅವಳ ತೊಡೆಯ ಮೇಲಿತ್ತು. "ಮಾಸ್ತರಬಾಯಿ, ನಿಮಗ ಇನ್ನೂ ಸೂಜೀನ ಹಾಕಿಲ್ರಿ" ಎಂದಳು. ವರ್ಷ ತುಂಬುವುದರೊಳಗೆ ನಾವಿಬ್ಬರೂ ಒಂದೇ ಮನೆ ಹಿಡಿದಿದ್ದೆವು. ಓಣಿಯವರು ಅಕ್ಕತಂಗಿಯರಂಥವರು ಎಂದುಕೊಂಡರು. ನಾವು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಇಬ್ಬರದೂ ಪಗಾರ ಬರುತ್ತಿತ್ತು, ಇಬ್ಬರಿಗೂ ಸಿನಿಮಾದ ಹುಚ್ಚಿತ್ತು, ಒಬ್ಬರನ್ನೊಬ್ಬರು ಬಿಟ್ಟು ಇರಲು ಆಗುತ್ತಿರಲಿಲ್ಲ. ಸಂಸಾರಕ್ಕೆ ಇದಕ್ಕಿಂತ ಹೆಚ್ಚು ಏನು ಬೇಕೋ ನನಗೆ ತಿಳಿಯದು.

ಆಗಿನ ಸಿನಿಮಾಗಳಲ್ಲಿ ನಮ್ಮಂಥವರು ಇದ್ದರೇ ಎಂದು ಯಾರಾದರೂ ಕೇಳಿದರೆ, ಇದ್ದರು ಎನ್ನುತ್ತೇನೆ. ವೇಷ ಮರೆಸಿಕೊಂಡಿದ್ದರು, ಅಷ್ಟೇ. ಇಬ್ಬರು ನಾಯಕರ ಸಿನಿಮಾ ನೆನಪು ಮಾಡಿಕೊಳ್ಳಿ. ಇಬ್ಬರೂ ಒಂದೇ ಮೋಟಾರ್ ಸೈಕಲ್ ಮೇಲೆ ಕೂತು ಹಾಡುತ್ತಾರೆ, ಒಂದೇ ತಾಟಿನಲ್ಲಿ ಉಣ್ಣುತ್ತಾರೆ, ಕೊನೆಗೆ ಒಬ್ಬ ಗೆಳೆಯನ ಪಾಲಿನ ಗುಂಡಿಗೆ ಎದೆಯೊಡ್ಡಿ ಅವನ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. ನಾಯಕಿಯ ಕಡೆ ಹಾಗೆ ಕಣ್ತುಂಬ ನೋಡಿದ ನಾಯಕನನ್ನು ನಾನು ಕಂಡಿಲ್ಲ. ಟಾಕೀಸಿನಲ್ಲಿ ಮೀಸೆ ಹೊತ್ತ ಗಂಡಸರು ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಹಿಂಗ ಅಳೂದಾದ್ರ ಇವರಿಬ್ಬರದ ಲಗ್ನಾ ಮಾಡಿ ಬಿಡಬಾರದ?" ಎಂದು ನೀಲವ್ವ ಗಟ್ಟಿಯಾಗಿಯೇ ಅಂದಿದ್ದಳು. ಮುಂದಿನ ಸಾಲಿನವರು ಹಿಂತಿರುಗಿ ನೋಡಿದ್ದರು.

ಇನ್ನೊಂದು ವೇಷವಿತ್ತು, ಅದನ್ನು ನಾನು ಎಂದೂ ಕ್ಷಮಿಸಿಲ್ಲ. ನಡು ಬಳುಕಿಸುತ್ತ, ಕೈ ತಿರುವುತ್ತ ಬರುವ ಹಾಸ್ಯದ ಗಂಡಸು. ಅವನು ಬಂದರೆ ನಗಬೇಕು, ಅವನಿಗೆ ಯಾರಾದರೂ ಹೊಡೆದರೆ ಇನ್ನೂ ನಗಬೇಕು. ನಮ್ಮ ಓಣಿಗೆ ಎಲ್ಲಮ್ಮನ ಜೋಗಪ್ಪ ಸೀರೆಯುಟ್ಟು, ಕೊಡ ಹೊತ್ತು ಬಂದರೆ ಇದೇ ಜನ ಹಣೆ ಹಚ್ಚಿ ನಮಸ್ಕರಿಸಿ ಮೊರದ ತುಂಬ ಜೋಳ ಹಾಕುತ್ತಿದ್ದರು. ಟಾಕೀಸಿನ ಕತ್ತಲೆಗೆ ಬಂದರೆ ಮಾತ್ರ ಅವರ ಬಾಯಿಂದ ಸೀಟಿ ಹೊರಡುತ್ತಿತ್ತು. ಬೆಳಕಿನಲ್ಲಿ ಇರುವ ಭಕ್ತಿ ಕತ್ತಲೆಯಲ್ಲಿ ಎಲ್ಲಿಗೆ ಹೋಗುತ್ತದೆಂಬುದನ್ನು ನನ್ನ ಇತಿಹಾಸದ ಪುಸ್ತಕಗಳು ಹೇಳಿಕೊಡಲಿಲ್ಲ.

ಎಂಬತ್ತರ ದಶಕದಲ್ಲಿ ಬಾಗಲಕೋಟೆಯ ಕೆಲವು ಉತ್ಸಾಹಿಗಳು ಸೇರಿ ಚಿತ್ರಸಮಾಜ ಒಂದನ್ನು ಕಟ್ಟಿದರು. ಭಾನುವಾರ ಮಧ್ಯಾಹ್ನ ಒಂದು ಸಭಾಗೃಹದ ಕಿಟಕಿಗಳಿಗೆ ಕಂಬಳಿ ಇಳಿಬಿಟ್ಟು ಹೊರದೇಶದ ಸಿನಿಮಾ ತೋರಿಸುತ್ತಿದ್ದರು. ಅಧ್ಯಕ್ಷರು ಒಬ್ಬ ವಕೀಲರು. ಅವರ ಹೆಂಡತಿ ಕಮಲಾಬಾಯಿ ಪ್ರತಿ ಸಲ ಮುಂದಿನ ಸಾಲಿನಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದರು. ಅವರು ಮಾತಾಡಿದ್ದನ್ನು ನಾವು ಕೇಳಿರಲಿಲ್ಲ. ನಾವಿಬ್ಬರೂ ರೈಲು ಹತ್ತಿ ಹೋಗಿ ಸದಸ್ಯರಾಗಿದ್ದೆವು. ರೊಟ್ಟಿ ಬುತ್ತಿ ಕಟ್ಟಿಕೊಂಡು ಕಲಾತ್ಮಕ ಸಿನಿಮಾಕ್ಕೆ ಹೋಗುವವರು ನಾವಿಬ್ಬರೇ ಇದ್ದೆವೇನೋ.

ಆ ಭಾನುವಾರದ ಸಿನಿಮಾ ಯಾವುದೋ ಯುರೋಪಿನ ದೇಶದ್ದು. ನದಿ ದಂಡೆಯ ಒಂದು ಸಣ್ಣ ಊರು. ಅಲ್ಲಿ ಬಟ್ಟೆ ಹೊಲಿಯುವವಳು ಒಬ್ಬಳು, ಬ್ರೆಡ್ಡಿನ ಅಂಗಡಿಯವಳು ಒಬ್ಬಳು. ಇಂಗ್ಲಿಷ್ ಅಕ್ಷರ ಕೆಳಗೆ ಓಡುತ್ತಿದ್ದವು. ನಾನು ನೀಲವ್ವನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಿದ್ದೆ. ಮಾತೇ ಕಡಿಮೆ ಇದ್ದುದರಿಂದ ನನ್ನ ಇಂಗ್ಲಿಷಿನ ಮಾನ ಉಳಿಯಿತು. ಹೊಲಿಯುವವಳು ಇನ್ನೊಬ್ಬಳ ಅಳತೆ ತೆಗೆದುಕೊಳ್ಳುತ್ತಾಳೆ. ಟೇಪು ಭುಜದ ಮೇಲೆ ಇದ್ದಂತೆಯೇ ಕೈ ನಿಲ್ಲುತ್ತದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ನೀಲವ್ವ ನನ್ನ ಕೈ ಹಿಡಿದಳು. "ಈಗ ಏನೂ ಹೇಳಬ್ಯಾಡ, ತಿಳೀತು" ಎಂದಳು. ಅಷ್ಟು ವರ್ಷ ಸಿನಿಮಾ ನೋಡಿದ ನಾನು ಪರದೆಯ ಮೇಲೆ ಆ ನೋಟ ಕಂಡದ್ದು ಅದೇ ಮೊದಲು. ನನ್ನ ಕಣ್ಣು ಅಡ್ಡದಾರಿ ಹಿಡಿಯುವ ಅಗತ್ಯವೇ ಬೀಳಲಿಲ್ಲ.

ಅವರ ತುಟಿಗಳು ಹತ್ತಿರ ಬರುವ ಹೊತ್ತಿಗೆ ವಕೀಲರು ಎದ್ದು ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ನಿಂತರು. ಆ ಹೆಣ್ಣುಮಕ್ಕಳಿಬ್ಬರೂ ಅವರ ಬಿಳಿ ಅಂಗಿಯ ಮೇಲೆಯೇ ಮುತ್ತಿಟ್ಟುಕೊಂಡರು.

"ಬಂದ್ ಮಾಡ್ರಿ ಅದನ್ನ" ಎಂದರು ವಕೀಲರು. ದೀಪ ಹತ್ತಿದವು. "ಇಂಥಾ ವಿಷಯ ಇರ್ತದಂತ ನಮಗ ಗೊತ್ತಿರಲಿಲ್ಲ. ತಪ್ಪಾಗೇದ. ಸಭಾದಾಗ ಹೆಣ್ಮಕ್ಕಳು ಕೂತಾರ."

ಇಂಥ ಹೊತ್ತಿಗೆಂದು ನನ್ನ ಬಳಿ ವಾದ ತಯಾರಿತ್ತು. ಬಾದಾಮಿಯ ಗವಿಯಲ್ಲಿ ಹರಿ ಮತ್ತು ಹರ ಒಂದೇ ದೇಹ ಹಂಚಿಕೊಂಡು ನಿಂತಿದ್ದಾರೆ, ಅತ್ತಿತ್ತ ಅವರ ಹೆಂಡಂದಿರೂ ಬೇಸರಿಲ್ಲದೆ ನಿಂತಿದ್ದಾರೆ. ಎದುರು ಗೋಡೆಯಲ್ಲಿ ಅರ್ಧ ಹೆಣ್ಣಾದ ಶಿವನಿದ್ದಾನೆ. ಚಾಲುಕ್ಯರ ಕಾಲದಲ್ಲಿ ಯಾವ ಅಧ್ಯಕ್ಷರೂ ಹೀಗೆ ಅಡ್ಡ ನಿಲ್ಲಲಿಲ್ಲ. ಮಕ್ಕಳನ್ನು ಕರೆದೊಯ್ದು ನೂರು ಸಲ ತೋರಿಸಿದ ಮೂರ್ತಿಗಳು. ಆದರೆ ಮಾತು ಶುರು ಮಾಡುವ ಮೊದಲು ಒಂದು ಗುಟುಕು ನೀರು ಬೇಕೆನಿಸಿತು. ನಾನು ನೀರಿನ ಬಾಟಲಿ ಹುಡುಕುತ್ತಿದ್ದಾಗ ಪಕ್ಕದಲ್ಲಿ ನೀಲವ್ವ ಎದ್ದು ನಿಂತದ್ದು ಕಂಡಿತು.

"ಹೆಣ್ಮಕ್ಕಳು ಅಂದ್ರ ನಾವರಿ. ನಮಗೇನೂ ಆಗಿಲ್ಲ. ಮುಂದ ತೋರಸ್ರಿ."

"ಇದು ಮನಿತನಸ್ತರು ನೋಡೂವಂಥಾದ್ದಲ್ಲ, ತಾಯಿ."

"ಹ್ವಾದ ಸಲ ತೋರಿಸಿದ ಸಿನಿಮಾದಾಗ ಗಂಡ ಹೇಣ್ತಿ ಕುತಗಿ ಹಿಚುಕಿ ಕೊಂದ. ನಾವೆಲ್ಲಾ ಪೂರಾ ನೋಡಿದಿವಿ. ಆವಾಗ ನೀವು ಎದ್ದು ನಿಂದರಲಿಲ್ಲ."

"ಅದು ಕಲಾ ರೀ."

"ಕೊಲ್ಲೂದು ಕಲಾ ಆದ್ರ ಇದೂ ಕಲಾನ ಇರಬೇಕು. ಪೂರಾ ನೋಡಿ ಹೇಳ್ತೇನಿ."

ಯಾರೋ ನಕ್ಕರು. ಆಗ ಹಿಂದಿನಿಂದ ಒಬ್ಬ ಗಂಡಸಿನ ಧ್ವನಿ ಬಂತು: "ಇವರಿಬ್ರೂ ಒಂದ ಮನ್ಯಾಗ ಇರ್ತಾರ್ರಿ. ಅದಕ್ಕ ಇಷ್ಟ ಹಠಾ."

ಸಭೆಯೆಲ್ಲ ನಮ್ಮನ್ನೇ ನೋಡಿತು. ನನ್ನ ಶಾಲೆ, ಅವಳ ದವಾಖಾನೆ, ನಮ್ಮ ಮನೆಯ ಮಾಲೀಕರು, ಗುಳೇದಗುಡ್ಡದಲ್ಲಿ ಇನ್ನೂ ಮದುವೆಯಾಗದ ಅವಳ ತಂಗಿ, ಎಲ್ಲ ನನ್ನ ಕಣ್ಣ ಮುಂದೆ ಬಂದುಹೋಯಿತು. ಇಲ್ಲ ಎಂದುಬಿಡು, ಖರ್ಚು ಉಳಿಯಲಿ ಎಂದು ಇರುತ್ತೇವೆ ಎಂದುಬಿಡು ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನೀಲವ್ವ ಆ ಧ್ವನಿ ಬಂದ ಕಡೆ ತಿರುಗಿದಳು.

"ಹೌದ್ರಿ, ಇರ್ತೇವಿ. ಅದಕ್ಕ ಕೇಳಾಕತ್ತೇನಿ. ಮುಂದ ಅವರಿಬ್ಬರದು ಏನಾತು ಅಂತ ನಮಗ ನೋಡಬೇಕಾಗೇತಿ."

ಇಷ್ಟಾದ ಮೇಲೆ ಕೂತಿರುವುದು ಸಾಧ್ಯವಿರಲಿಲ್ಲ. ನಾನೂ ಎದ್ದೆ. ಎದುರಿನ ಕುರ್ಚಿಯ ಬೆನ್ನು ಹಿಡಿದು ಹೇಳಿದೆ: "ನಾವಿಬ್ಬರೂ ಮೆಂಬರ್ ಇದೀವ್ರಿ. ನೋಡಬಾರದು ಅನ್ನೋರು ಹೋಗಬಹುದು. ನಾವು ಏಳಂಗಿಲ್ಲ." ಹರಿಹರನ ಬಗ್ಗೆ ಒಂದಕ್ಷರವೂ ಬರಲಿಲ್ಲ. ಹರಿಹರನಿಗೆ ನನ್ನ ಸಹಾಯ ಬೇಕಾಗಿಯೂ ಇರಲಿಲ್ಲ.

ಕಾರ್ಯದರ್ಶಿ ಒಬ್ಬ ತರುಣ ಪ್ರಾಧ್ಯಾಪಕ. ಪಾಪ, ಅವನೇ ಆ ಸಿನಿಮಾ ತರಿಸಿದವನು. ಬೆವರು ಒರೆಸಿಕೊಳ್ಳುತ್ತ, ಇಷ್ಟವಿದ್ದವರು ಕೂಡಬಹುದು ಎಂದ. ಸಭೆಯ ಮುಕ್ಕಾಲು ಪಾಲು ಎದ್ದು ಹೋಯಿತು. ವಕೀಲರು ಕಮಲಾಬಾಯಿಯ ರಟ್ಟೆ ಹಿಡಿದು ಎಬ್ಬಿಸಿದರು. ಬಾಗಿಲು ದಾಟುವ ಮುಂಚೆ ಆಕೆ ಒಮ್ಮೆ ಹಿಂತಿರುಗಿ ಖಾಲಿ ಪರದೆಯನ್ನು ನೋಡಿದರು. ಉಳಿದವರಲ್ಲಿ ನಿವೃತ್ತ ಪೋಸ್ಟ್ ಮಾಸ್ತರರೂ ಇದ್ದರು. ನಮ್ಮ ಪಕ್ಷಕ್ಕೆ ಒಬ್ಬ ಹಿರಿಯರು ಸಿಕ್ಕರೆಂದು ಹಿಗ್ಗಿದೆ. ಆಮೇಲೆ ನೋಡಿದರೆ ಅವರಿಗೆ ಗಾಢ ನಿದ್ದೆ ಹತ್ತಿತ್ತು.

ಮತ್ತೆ ಕತ್ತಲೆಯಾಯಿತು. ಇಷ್ಟು ಜಗಳವಾಡಿ ಉಳಿಸಿಕೊಂಡ ಸಿನಿಮಾ ಏನು ಮಾಡಿತು ಗೊತ್ತೇ? ಊರಿಗೆ ಸುದ್ದಿ ತಿಳಿಯುತ್ತದೆ. ಬ್ರೆಡ್ಡಿನ ಅಂಗಡಿಯವಳಿಗೆ ಮದುವೆ ಮಾಡುತ್ತಾರೆ. ಕೊನೆಯ ರೀಲಿನಲ್ಲಿ ಹೊಲಿಯುವವಳು ತಾನೇ ಹೊಲಿದ ಚೆಂದದ ಬಟ್ಟೆ ತೊಟ್ಟು ನದಿಗೆ ಇಳಿಯುತ್ತಾಳೆ. ಸಂಗೀತ ಬರುತ್ತದೆ, ನೀರು ಹರಿಯುತ್ತದೆ, ಮುಗಿಯುತ್ತದೆ.

"ಹೆಂಗಿತ್ರಿ?" ಎಂದು ಕಾರ್ಯದರ್ಶಿ ಆಸೆಯಿಂದ ಕೇಳಿದ.

"ಕರದು, ಊಟಕ್ಕ ಮಣಿ ಹಾಕಿ ಕೂಡಿಸಿ, ಬಡದು ಕಳಿಸಿದಂಗಿತ್ತು" ಎಂದಳು ನೀಲವ್ವ.

ಬಾದಾಮಿಗೆ ಬರುವ ರೈಲಿನುದ್ದಕ್ಕೂ ಅವಳ ಸಿಟ್ಟು ಇಳಿಯಲಿಲ್ಲ. ಬುತ್ತಿ ಬಿಚ್ಚಲೂ ಇಲ್ಲ. ಆ ದೇಶದಲ್ಲಿ ಅಂಥ ಸಿನಿಮಾ ತೆಗೆದದ್ದೇ ಧೈರ್ಯ ಎಂದು ನಾನು ಸಮಾಧಾನ ಹೇಳಲು ಹೋದೆ. "ವಕೀಲ ನಡುವ ನಿಲ್ಲಿಸಿದ, ಸಿನಿಮಾದಾಂವ ಕಡೀಕ ನಿಲ್ಲಿಸಿದ. ಎಲ್ಲೆ ಐತಿ ಫರಕ್?" ಎಂದಳು. "ದವಾಖಾನ್ಯಾಗ ದಿನಾ ಸಾಯೋರನ್ನ ನೋಡ್ತೇನಿ. ಇಷ್ಟ ಚೆಂದ ಯಾರೂ ಸಾಯೂದಿಲ್ಲ." ಅಂದಿನಿಂದ ಅವಳ ಅಭಿಪ್ರಾಯವೇ ನನ್ನದೂ ಆಗಿದೆ. ನಮ್ಮಂಥವರ ಮೇಲೆ ಕನಿಕರಪಟ್ಟು ಸಿನಿಮಾ ತೆಗೆಯುವವರು ಕೊನೆಗೆ ನಮ್ಮನ್ನು ಕೊಂದು, ಆಮೇಲೆ ಕಣ್ಣೀರು ಹಾಕುತ್ತಾರೆ. ಬದುಕಿದ್ದರೆ ನಮ್ಮೊಂದಿಗೆ ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ. ಬದುಕಿದ್ದರೆ ನಾವು ಸಂತೆಗೆ ಹೋಗುತ್ತೇವೆ, ನಲ್ಲಿಯಲ್ಲಿ ನೀರು ಬಂತೆಂದು ಓಡುತ್ತೇವೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಮುಖ ಗಂಟು ಹಾಕಿಕೊಳ್ಳುತ್ತೇವೆ. ಇದಕ್ಕೆ ಯಾವ ಸಂಗೀತ ಹಾಕಬೇಕೆಂಬುದು ಅವರ ಕಷ್ಟ, ನಮ್ಮದಲ್ಲ.

ಸುದ್ದಿ ನಮಗಿಂತ ಮುಂಚಿನ ರೈಲಿಗೇ ಬಾದಾಮಿ ಮುಟ್ಟಿತ್ತೇನೋ. ವಾರದೊಳಗೆ ಮುಖ್ಯೋಪಾಧ್ಯಾಯಿನಿ ನನ್ನನ್ನು ಕರೆದರು. ಕೆಟ್ಟವರಲ್ಲ; ಮಾತಾಡುವಾಗ ನನ್ನ ಮುಖ ಬಿಟ್ಟು ಟೇಬಲ್ಲಿನ ಮೇಲಿನ ಗಾಜನ್ನೇ ನೋಡುತ್ತಿದ್ದರು.

"ಮಂದಿ ಏನೇನೋ ಅಂತಾರ. ನೀವಿಬ್ರೂ ಬ್ಯಾರೆ ಬ್ಯಾರೆ ಖೋಲಿ ಹಿಡದ್ರ ಛಲೋ."

"ನಾ ಕಲಸೂದರಾಗ ಏನರ ತಕರಾರು ಐತೇನ್ರಿ, ಬಾಯಾರ?"

"ಏ, ಅದಿಲ್ಲ."

"ಹಂಗಾದ್ರ ಪಿರೇಡಿಗೆ ಹೊತ್ತಾತು, ಹೋಗ್ತೇನ್ರಿ" ಎಂದು ಬಂದೆ. ಬರುವಾಗ ಬಾಗಿಲಿಗೆ ತಲೆ ಬಡಿದುಕೊಂಡೆನೆಂಬುದನ್ನು ಬಿಟ್ಟರೆ ಅದು ನನ್ನ ಜೀವನದ ಬಹು ಗಂಭೀರ ನಿರ್ಗಮನ.

ಬೇಸಿಗೆಯಲ್ಲಿ ನನಗೆ ಗುಡೂರಿಗೆ ವರ್ಗವಾಯಿತು. ಕಾರಣ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಲ್ಲಿಯೇ ಮನೆ ಹಿಡಿಯುತ್ತಾಳೆ, ತಾವಾಗಿಯೇ ದೂರಾಗುತ್ತಾರೆ ಎಂದು ಎಣಿಸಿದ್ದರೆ, ಎಣಿಸಿದವರಿಗೆ ನಮ್ಮ ಬಸ್ಸುಗಳ ಪರಿಚಯವಿರಲಿಲ್ಲ. ನಸುಕಿನಲ್ಲಿ ಎದ್ದು ಬಸ್ಸು ಹಿಡಿದು ಹೋದೆ, ಸಂಜೆ ಬಸ್ಸಿಗೆ ತಿರುಗಿ ಬಂದೆ. ಮಳೆಗಾಲ ಬಂದಿತು, ಬಸ್ಸು ಕೆಟ್ಟವು, ಬೆನ್ನು ಹಿಡಿದುಕೊಂಡಿತು. ನಾನು ಬಾದಾಮಿಯ ಮನೆ ಬಿಡಲಿಲ್ಲ. ನೀಲವ್ವನ ತಂಗಿಗೆ ಮದುವೆಯೂ ಆಯಿತು. ಆ ಮದುವೆಗೆ ನಾವಿಬ್ಬರೂ ಒಂದೇ ಬಣ್ಣದ ಇಲಕಲ್ ಸೀರೆ ಉಟ್ಟುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂತೆವು. ನೋಡುವವರು ನೋಡಿದರು.

ನಮ್ಮಿಬ್ಬರಿಗೂ ರಜೆಯಿದ್ದ ಒಂದು ಶುಕ್ರವಾರ ಮಧ್ಯಾಹ್ನ ಕಮಲಾಬಾಯಿ ನಮ್ಮ ಬಾಗಿಲಲ್ಲಿ ನಿಂತಿದ್ದರು. ಬನಶಂಕರಿಗೆ ಹರಕೆ ಸಲ್ಲಿಸಲು ಬಂದಿದ್ದರಂತೆ, ಬಿ.ಪಿ. ನೋಡಿಸಿಕೊಂಡು ಹೋಗೋಣವೆಂದು ಹುಡುಕಿಕೊಂಡು ಬಂದರಂತೆ. ಬಾಗಲಕೋಟೆಯಲ್ಲಿ ಡಾಕ್ಟರುಗಳಿಗೆ ಬರವಿರಲಿಲ್ಲ. ಆದರೂ ನಾವು ಕೇಳಲಿಲ್ಲ. ನೀಲವ್ವ ತೋಳಿಗೆ ಪಟ್ಟಿ ಸುತ್ತಿ, ಗಾಳಿ ಹಾಕಿ ನೋಡಿ, ಏನೂ ಇಲ್ಲ ಎಂದಳು. ನಾನು ಚಹಾ ತಂದೆ. ಆಕೆ ನಮ್ಮ ಮನೆಯನ್ನು ಸುತ್ತ ನೋಡಿದರು: ಒಂದೇ ಮೊಳೆಗೆ ನೇತುಹಾಕಿದ ಇಬ್ಬರ ಕೊಡೆಗಳು, ಒಳಗೆ ಒಂದೇ ಹಾಸಿಗೆ. ಕಪ್ಪು ಕೆಳಗಿಟ್ಟು ಮೆಲ್ಲಗೆ ಕೇಳಿದರು:

"ಆವತ್ತಿನ ಸಿನಿಮಾ ನೀವು ಪೂರಾ ನೋಡಿದ್ರಲ್ಲ. ಕಡೀಕ ಏನಾತ್ರಿ ಅವರಿಬ್ಬರದು?"

ನಾನು ಬಾಯಿ ತೆರೆಯುವುದರೊಳಗೆ ನೀಲವ್ವ ಹೇಳಿದಳು:

"ಏನಾಗ್ತೈತ್ರಿ, ಊರ ಮಂದಿ ನಾಕ ದಿನ ಬಾಯಿ ಮಾಡಿದ್ರು. ಆಮ್ಯಾಲೆ ಅವರಿಗೂ ಬ್ಯಾಸರಾತು. ಇವರಿಬ್ರೂ ಒಂದ ಮನ್ಯಾಗ ಇದ್ರು. ಒಬ್ಬಾಕಿ ಅರಿವಿ ಹೊಲದ್ಲು, ಒಬ್ಬಾಕಿ ಅಂಗಡಿ ನಡಸಿದ್ಲು. ಕೂದಲಾ ಬೆಳ್ಳಗಾದ್ವು."

"ಯಾರೂ ಸಾಯಲಿಲ್ಲ?"

"ಯಾರೂ ಸಾಯಲಿಲ್ಲ."

ಕಮಲಾಬಾಯಿ ಉಳಿದ ಚಹಾ ಕುಡಿದು ಮುಗಿಸಿದರು. ಸೆರಗಿನಿಂದ ಮುಖ ಒರೆಸಿಕೊಂಡು, "ಛಲೋ ಆತು ಬಿಡ್ರಿ" ಎಂದು ಎದ್ದರು. ಅವರನ್ನು ಬಸ್ಸಿಗೆ ಹತ್ತಿಸಿ ಬರುವ ದಾರಿಯಲ್ಲಿ ನಾನು ಇತಿಹಾಸದ ಮಾಸ್ತರಬಾಯಿಯ ಧಾಟಿಯಲ್ಲಿ, ಹೀಗೆ ಕಥೆಯನ್ನೇ ತಿರುವಿ ಸುಳ್ಳು ಹೇಳಬಹುದೇ ಎಂದು ನೀಲವ್ವನನ್ನು ಕೇಳಿದೆ.

"ಸುಳ್ಳ ಹೇಳಿದಾಂವ ಸಿನಿಮಾ ತಗದಾಂವ" ಎಂದಳು ಅವಳು. "ನಾ ಖರೆ ಹೇಳೇನಿ."