ಕುಗ್ಗದ ಎರಡು ತೋಳು

ಉಣ್ಣೆ ಒದ್ದೆಯಾದರೆ ಕುರಿಯ ವಾಸನೆ ಬರುತ್ತದೆ. ಮಳೆಯಲ್ಲಿ ತೊಯ್ದು ಬಂದು ನನ್ನ ಸ್ವೆಟರನ್ನು ಮೊಳೆಗೆ ನೇತುಹಾಕಿದೆನೋ ಇಲ್ಲವೋ, ನೀವು ಮೊಮ್ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು "ಅಜ್ಜಿ ವಾಸನೆ" ಎಂದು ಜಗಲಿಗೆ ಓಡುತ್ತೀರಿ. ಓಡಿ, ಬೇಡ ಎನ್ನುವುದಿಲ್ಲ. ಆದರೆ ಆ ವಾಸನೆಯ ವಿಚಾರವಾಗಿ ನಿಮಗೊಂದು ಮಾತು ಹೇಳುವುದಿದೆ. ಎದುರಿಗೆ ಕೂರಿಸಿಕೊಂಡು ಹೇಳಲು ನಾಚಿಕೆಯಾಗಿ, ನಾಲ್ಕನೇ ಕ್ಲಾಸಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ನಮ್ಮ ಸೀಮೆಯ ಕುರಿಯ ಉಣ್ಣೆ ಕಂಬಳಿಗೆ ಸರಿ, ಮೈಗೆ ಹಾಕಿಕೊಂಡರೆ ಚುಚ್ಚುತ್ತದೆ. ನಿಮ್ಮ ತಾತ ಊಟಿ ಕಡೆಯಿಂದ ತಂದ, ಮೆತ್ತನೆ ಉಣ್ಣೆಯ ಎರಡು ಬಿಳಿ ಕುರಿಗಳ ಸಂತಾನವೇ ಈಗ ನಮ್ಮ ಭೀಮನಬೀಡಿನ ಕೊಟ್ಟಿಗೆಯಲ್ಲಿರುವ ಒಂಬತ್ತು. ತಾತ ಹೋದ ಮೇಲೆ ಅವುಗಳ ಉಣ್ಣೆಯನ್ನು ತೊಳೆದು, ಹಿಂಜಿ, ರಾಟೆಯಲ್ಲಿ ನೂತು, ಹೆಣೆಯುವವರಿಗೆ ಉಂಡೆ ಮಾಡಿ ಮಾರುವುದು ನನ್ನ ಪಾಲಿಗೆ ಬಂತು. ಗುಂಡ್ಲುಪೇಟೆ ಬಸ್ ಸ್ಟ್ಯಾಂಡಿನ ಬಳಿ ಬುಟ್ಟಿ ಇಟ್ಟುಕೊಂಡು, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಕೂರುತ್ತಿದ್ದೆ. ಮಾರಲು ಬಂದವಳೋ ಬಸ್ಸು ತಪ್ಪಿಸಿಕೊಂಡವಳೋ ಎಂದು ಜನಕ್ಕೆ ತಿಳಿಯುತ್ತಿರಲಿಲ್ಲ. ಯಾರಾದರೂ ಹತ್ತಿರ ಬಂದರೆ ಒಂದು ಉಂಡೆಯನ್ನು ಚಾಚಿ "ಮೂಸಿ ನೋಡಿ" ಎನ್ನುತ್ತಿದ್ದೆ, ಅಷ್ಟೇ. ಗಿರಣಿಯ ದಾರಕ್ಕೆ ಆ ವಾಸನೆ ಎಲ್ಲಿಂದ ಬರಬೇಕು? ಕೂಗಿ ಮಾರಲು ಬಾಯಿ ಬಾರದ ನನ್ನ ಪರವಾಗಿ ಕುರಿಗಳೇ ಸಾಕ್ಷಿ ನುಡಿಯುತ್ತಿದ್ದವು.

ಹಾಗೆ ಮೂಸಿ ಕೊಂಡವರಲ್ಲಿ ಚಾಮರಾಜನಗರದ ಒಬ್ಬ ಟೀಚರಮ್ಮ ಇದ್ದರು. ಮಗಳ ಮಗುವನ್ನು ತೊಟ್ಟಿಲಿಗೆ ಹಾಕುವ ದಿನಕ್ಕೆ ಸ್ವೆಟರು ಹೆಣೆಯಬೇಕು, ಆರು ಉಂಡೆ ಬೇಕು ಎಂದರು. ಮನೆಯಲ್ಲಿ ನಾಲ್ಕಕ್ಕಾಗುವಷ್ಟೇ ಉಣ್ಣೆಯಿತ್ತು, ಕುರಿಗಳ ಮುಂದಿನ ಉಣ್ಣೆ ಕತ್ತರಿಗೆ ಇನ್ನೂ ತಿಂಗಳುಗಳಿದ್ದವು. ಆಗುವುದಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ಆಗುವುದಿಲ್ಲ ಎನ್ನಲು ನಾಚಿದೆ. ಆಮೇಲೆ ಮಾಡಿದ್ದಕ್ಕೆ ನಾಚಲಿಲ್ಲ.

ನಿಮ್ಮಮ್ಮ ನನಗೆಂದು ಪೇಟೆಯಿಂದ ತಂದ ಬಿಳಿ ಸ್ವೆಟರು ನೆನಪಿದೆಯೆ, ನೀವೇ ಆರಿಸಿದ್ದು? ಎಲ್ಲಿ ಎಂದು ಕೇಳಿದಾಗ ಇಲಿ ಕಡಿಯಿತು ಎಂದೆ. ಆ ಇಲಿ ನಾನೇ. ಒಂದು ಮಧ್ಯಾಹ್ನ ಕೂತು ಅದನ್ನು ಬಿಚ್ಚಿ, ಸುರುಳಿಬಿದ್ದ ದಾರವನ್ನು ಒದ್ದೆಮಾಡಿ, ತುದಿಗೆ ಕಲ್ಲು ಕಟ್ಟಿ ನೆಟ್ಟಗೆ ಮಾಡಿ ಎರಡು ಉಂಡೆ ಸುತ್ತಿದೆ. ಉಣ್ಣೆಯಲ್ಲದ ಗಿರಣಿ ದಾರ, ಅದಕ್ಕೆ ವಾಸನೆ ಎಲ್ಲಿ? ತೊಳೆಯದ ಉಣ್ಣೆಯ ಚೀಲದೊಳಗೆ ಆ ಉಂಡೆಗಳನ್ನು ಒಂದು ವಾರ ಹೂತಿಟ್ಟೆ. ಅಷ್ಟು ಜಾಣತನ ಶಾಲೆಯಲ್ಲಿ ತೋರಿಸಿದ್ದರೆ ಐದನೇ ಕ್ಲಾಸಿಗೆ ಹೋಗಿರುತ್ತಿದ್ದೆನೋ ಏನೋ. ಟೀಚರಮ್ಮ ಆರನ್ನೂ ಮೂಸಿ, ಸಂತೋಷದಿಂದ ಒಯ್ದರು.

ಎರಡು ತಿಂಗಳಿಗೆ ಅವರು ಊರಿಗೇ ಹುಡುಕಿಕೊಂಡು ಬಂದರು. ಬೈಯಲು ಬಂದರೆಂದೇ ಎಣಿಸಿದೆ. ಚೀಲದಿಂದ ಪುಟ್ಟ ಸ್ವೆಟರನ್ನು ತೆಗೆದರು. ಮೈಯೆಲ್ಲ ಕುಗ್ಗಿ ಬೊಂಬೆಯ ಅಂಗಿಯಷ್ಟಾಗಿತ್ತು. ಕೊನೆಗೆ ಹೆಣೆದ ತೋಳೆರಡು ಮಾತ್ರ ಮೊದಲಿನಷ್ಟೇ ಉದ್ದ ಜೋತಾಡುತ್ತಿದ್ದವು.

"ನನ್ನದೇ ತಪ್ಪು ಕಣ್ರಮ್ಮ, ತಣ್ಣೀರಲ್ಲೇ ಒಗೀರಿ ಅಂತ ನೀವು ಹೇಳಿದ್ರಿ, ನಾನು ಬಿಸಿನೀರಿಗೆ ಹಾಕ್ಬುಟ್ಟೆ," ಎಂದು ಅವರೇ ತಪ್ಪೊಪ್ಪಿಕೊಂಡರು. "ಆದ್ರೆ ಈ ತೋಳು ನೋಡಿ, ಒಂಚೂರೂ ಕುಗ್ಗಿಲ್ಲ. ಇದ್ಯಾವ ಕುರೀದು? ಇನ್ಮೇಲೆ ಅದರದ್ದೇ ಕೊಡಿ."

ಕುರಿ ಮೇಯಿಸಿ ಆಗಷ್ಟೇ ಬಂದಿದ್ದ ನಿಮ್ಮ ಚಿಕ್ಕಜ್ಜಿ, ನನ್ನ ಓರಗಿತ್ತಿ, ನಕ್ಕಳು. "ತೋರ್ಸಕ್ಕ, ಅದ್ಯಾವುದು ಅಂತಾ ಗಟ್ಟಿಗಿತ್ತಿ ಕುರಿ. ನಾ ಮೇಯ್ಸೋದ್ರಾಗೆ ಅಂಗೆ ಯಾವ್ದೂ ಇಲ್ವಲ್ಲ?"

ನಾನು ಬೆರಳು ತೋರಿಸಿದೆ. ಕೊಟ್ಟಿಗೆಯ ಮೂಲೆಯಲ್ಲಿ ಮೆಲುಕು ಹಾಕುತ್ತಿದ್ದ ಮುದಿ ಕುರಿಯ ಕಡೆಗೆ. ಟೀಚರಮ್ಮ ಅದರ ತಲೆ ಸವರಿ, ಚೀಲದಿಂದ ಬಾಳೆಹಣ್ಣು ತೆಗೆದು ಸುಲಿದು ತಿನ್ನಿಸಿದರು. ಅದು ನನ್ನನ್ನೇ ನೋಡುತ್ತಾ ತಿಂದಿತು. ಕುರಿಗಳು ಎಲ್ಲರನ್ನೂ ಹಾಗೇ ನೋಡುತ್ತವೆ, ಬಲ್ಲೆ. ಆದರೂ ಅಂದು ನಾನು ಕೊಟ್ಟಿಗೆಗೆ ಹುಲ್ಲು ಹಾಕಲು ಹೋಗಲಿಲ್ಲ.

ಮುಂದಿನ ಕತ್ತರಿ ಆದ ಮೇಲೆ ಆ ಮುದಿ ಕುರಿಯ ಉಣ್ಣೆಯನ್ನೇ ಬೇರೆ ನೂತು, ಆರು ಉಂಡೆ ಹಿಡಿದು ಚಾಮರಾಜನಗರದ ಬಸ್ಸು ಹತ್ತಿದೆ. ಅವರ ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ.

"ಹಂಗಾದ್ರೆ ನಾನು ಹಣ್ಣು ತಿನ್ಸಿದ್ದು?"

"ಅದರದ್ದೇನೂ ತಪ್ಪಿಲ್ಲ ಕಣ್ರವ್ವ."

"ಇದು ಕುಗ್ತದಾ?"

"ಕುಗ್ತದೆ."

"ಸರಿ, ಕೊಡಿ."

ರೂಢಿಯಂತೆ ಒಂದು ಉಂಡೆಯನ್ನು ಚಾಚಿದೆ. ಮೂಸಿ ನೋಡಿ ಎಂದು ಮಾತ್ರ ಅನ್ನಲಿಲ್ಲ. ಅವರೂ ಮೂಸಲಿಲ್ಲ, ಆರನ್ನೂ ತೆಗೆದುಕೊಂಡು ಒಳಗೆ ಇಟ್ಟರು. ನಂಬಿದ್ದರಿಂದ ಮೂಸಲಿಲ್ಲವೋ, ಇವಳ ಉಂಡೆ ಮೂಸಿ ಏನು ಬಂತು ಎಂದು ಮೂಸಲಿಲ್ಲವೋ, ಇವತ್ತಿಗೂ ನನಗೆ ಗೊತ್ತಿಲ್ಲ.

ಹೊರಗೆ ಮೋಡ ಕಟ್ಟುತ್ತಿದೆ. ಸ್ವೆಟರು ಮತ್ತೆ ತೊಯ್ಯುತ್ತದೆ, ನೀವು ಮತ್ತೆ ಮೂಗು ಮುಚ್ಚಿಕೊಳ್ಳುತ್ತೀರಿ. ಇನ್ನು ಮೇಲೆ ಅದನ್ನು ಅಜ್ಜಿ ವಾಸನೆ ಎನ್ನಬೇಡಿ, ಮಕ್ಕಳೇ. ಅದು ಕುರಿಯದು. ನಾನೊಮ್ಮೆ ಕದ್ದದ್ದು ಸಾಕು, ಅದರ ಹೆಸರು ಅದಕ್ಕೇ ಇರಲಿ.